ಗೊತ್ತಿದ್ದವರು ಬಾಯಿ ಬಿಡುತ್ತಿಲ್ಲ, ಏನು ಮಾಡೋಣ? — ಓದುಗರ ಪ್ರಶ್ನೆ, ತಜ್ಞರ ಉತ್ತರ

ಸಹೋದ್ಯೋಗಿಗಳು ತಮಗೆ ತಿಳಿದದ್ದನ್ನು ಹಂಚಿಕೊಳ್ಳುತ್ತಿಲ್ಲ ಎಂಬ ದೂರು ಹೊತ್ತ ಪತ್ರಗಳೇ ಈ ಬಾರಿ ಹೆಚ್ಚು. ಒಂದು ಪತ್ರ ಮಾತ್ರ ಹಂಚಿಕೊಳ್ಳಲು ಹೆದರುವವರದು. ಆರು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಪ್ಲಾಸ್ಟಿಕ್ ಬಿಡಿಭಾಗಗಳ ಘಟಕ. ಇಂಜೆಕ್ಷನ್ ಮೋಲ್ಡಿಂಗ್ (ಕರಗಿದ ಪ್ಲಾಸ್ಟಿಕ್ ಅನ್ನು ಅಚ್ಚಿಗೆ ತುಂಬುವ) ವಿಭಾಗದ ಹಿರಿಯ ಆಪರೇಟರ್ ಇನ್ನು ನಾಲ್ಕು ತಿಂಗಳಿಗೆ ನಿವೃತ್ತರಾಗುತ್ತಾರೆ. ಗೊತ್ತಿರುವುದನ್ನೆಲ್ಲ ಬರೆದುಕೊಡಿ ಎಂದು ಕೇಳಿದೆವು. ಒಂದು ತಿಂಗಳ ಮೇಲೆ ಕೈಗೆ ಬಂದದ್ದು ಎರಡು ಪುಟ, ಅದೂ ನಮ್ಮ ಎಸ್‌ಒಪಿಯಲ್ಲಿ (ಕೆಲಸದ ಹಂತಗಳನ್ನು ಬರೆದಿಟ್ಟ ಅಧಿಕೃತ ಕೈಪಿಡಿ) ಇರುವುದೇ. ಬೇಕೆಂದೇ ಮುಚ್ಚಿಡುತ್ತಿದ್ದಾರೆಯೇ? — ಉತ್ಪಾದನಾ ಮೇಲ್ವಿಚಾರಕ

ಉತ್ತರ: ಹಾಗೆಂದು ತೀರ್ಮಾನಿಸುವ ಮೊದಲು ನೀವು ಕೇಳಿದ ರೀತಿಯನ್ನೇ ಒಮ್ಮೆ ನೋಡಿ. "ಗೊತ್ತಿರುವುದನ್ನೆಲ್ಲ ಬರೆಯಿರಿ" ಎಂದರೆ ಯಾರ ಕೈಯಲ್ಲೂ ಎರಡು ಪುಟಕ್ಕಿಂತ ಹೆಚ್ಚು ಬರುವುದಿಲ್ಲ. ವರ್ಷಗಟ್ಟಲೆ ಮಾಡಿದ ಕೆಲಸ ಕೈಗೆ, ಕಣ್ಣಿಗೆ, ಕಿವಿಗೆ ಇಳಿದುಬಿಟ್ಟಿರುತ್ತದೆ. ಅದು ತಮಗೆ ಗೊತ್ತಿದೆ ಎಂಬುದೇ ಅವರ ನೆನಪಿಗೆ ಬರುವುದಿಲ್ಲ. ತತ್ವಚಿಂತಕ ಮೈಕೆಲ್ ಪೊಲಾನ್ಯಿ ಇದನ್ನು 'ಹೇಳಿಕೊಳ್ಳಲಾಗದ ತಿಳಿವಳಿಕೆ' ಎಂಬ ಅರ್ಥದಲ್ಲಿ 1960ರ ದಶಕದಲ್ಲೇ ವಿವರಿಸಿದ್ದರು.

ಈ ಮಾತು ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕೆ ಅಮೆರಿಕದ ಅಣ್ವಸ್ತ್ರ ಸಿಡಿತಲೆಗಳಲ್ಲಿ ಬಳಸುವ 'ಫಾಗ್‌ಬ್ಯಾಂಕ್' ಎಂಬ ವಸ್ತು ಸಾಕ್ಷಿ. ಅದರ ತಯಾರಿಕೆ ನಿಂತು ವರ್ಷಗಳಾದ ಮೇಲೆ ಮತ್ತೆ ಬೇಕಾಯಿತು. ದಾಖಲೆಗಳು ತೀರಾ ಕಡಿಮೆ, ಮಾಡಿದವರು ನಿವೃತ್ತರು. ಈ ಪೇಚಾಟವನ್ನು ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ 2009ರಲ್ಲಿ ವರದಿ ಮಾಡಿತು. ಕೊನೆಗೆ ತಿಳಿದದ್ದೇನೆಂದರೆ, ಹಳೆಯ ಕಚ್ಚಾವಸ್ತುವಿನಲ್ಲಿದ್ದ ಒಂದು ಕಲ್ಮಶವೇ ವಸ್ತು ಸರಿಯಾಗಿ ಬರಲು ಕಾರಣ, ಹೊಸ ಶುದ್ಧೀಕರಣದಲ್ಲಿ ಅದು ಹೋಗಿಬಿಡುತ್ತಿತ್ತು. ಮೊದಲು ತಯಾರಿಸಿದವರಿಗೇ ಆ ಗುಟ್ಟು ಗೊತ್ತಿರಲಿಲ್ಲ.

ಆದ್ದರಿಂದ ಹಿರಿಯರ ಕೈಗೆ ಪೆನ್ನು ಕೊಡಬೇಡಿ. ಕಲಿಯುವವರ ಕೈಗೆ ಕೊಡಿ. ಹದಿನಾರು ವಾರಗಳನ್ನು ಹೀಗೆ ಹಂಚಬಹುದು.

ಮೊದಲ ಎರಡು ವಾರ ಅವರನ್ನು ಏನೂ ಕೇಳಬೇಡಿ. ಅವರ ಯಂತ್ರದ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಯಾರು ಯಾವಾಗ ಯಾವ ವಿಷಯಕ್ಕೆ ಅವರನ್ನು ಕರೆದರು ಎಂದು ಬರೆದಿಡಿ. ನಿಮ್ಮ ವಿಭಾಗಕ್ಕೆ ಅವರಿಂದ ಬೇಕಿರುವುದು ಏನೆಂದು ಆ ಪಟ್ಟಿಯೇ ಹೇಳುತ್ತದೆ. ಜೊತೆಗೆ ಒಂದು ಕೋಷ್ಟಕ ಮಾಡಿ: ಎಡಕ್ಕೆ ಕೆಲಸಗಳು, ಮೇಲೆ ಸಿಬ್ಬಂದಿಯ ಹೆಸರು, ಒಳಗೆ 0ಯಿಂದ 3ರವರೆಗೆ ಅಂಕ. 0 ಎಂದರೆ ಗೊತ್ತಿಲ್ಲ, 1 ಎಂದರೆ ಯಾರಾದರೂ ಪಕ್ಕದಲ್ಲಿದ್ದರೆ ಮಾಡಬಲ್ಲರು, 2 ಎಂದರೆ ಒಬ್ಬರೇ ಮಾಡಬಲ್ಲರು, 3 ಎಂದರೆ ಕೆಟ್ಟಾಗಲೂ ಸರಿಪಡಿಸಬಲ್ಲರು, ಕಲಿಸಬಲ್ಲರು. ಯಾವ ಸಾಲಿನಲ್ಲಿ ಅವರದೊಂದೇ 3 ಇದ್ದು ಉಳಿದವರೆಲ್ಲ 0 ಅಥವಾ 1 ಇದ್ದಾರೋ ಅಲ್ಲಿಂದ ಶುರು ಮಾಡಿ. ಅದರಲ್ಲೂ ತಪ್ಪಿದರೆ ಹೆಚ್ಚು ನಷ್ಟವಾಗುವ ಕೆಲಸ ಮೊದಲು. ಉಳಿದ ಸಾಲುಗಳನ್ನು ಬಿಟ್ಟರೂ ನಡೆಯುತ್ತದೆ. ಎಲ್ಲವನ್ನೂ ಹಿಡಿಯಲು ಹೊರಟರೆ ಮುಖ್ಯವಾದದ್ದೇ ಕೈತಪ್ಪುತ್ತದೆ.

ಮೂರನೇ ವಾರದಿಂದ ಹತ್ತನೇ ವಾರದವರೆಗೆ, ವಾರಕ್ಕೆ ಎರಡು ಸಲ, ಸಲಕ್ಕೆ 45 ನಿಮಿಷ, ಒಂದೇ ಕೆಲಸ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗಾಗಿ ರೂಪಿಸಿದ ತರಬೇತಿ ಹಾಳೆಯಿಂದ ಬೆಳೆದುಬಂದ, ಈಗಲೂ ಬಳಕೆಯಲ್ಲಿರುವ ಮೂರು ಕಾಲಂಗಳ ಹಾಳೆ ಇದಕ್ಕೆ ಸಾಕು: ಏನು ಮಾಡಬೇಕು, ಅದರಲ್ಲಿ ಗಮನಿಸಬೇಕಾದ್ದೇನು, ಯಾಕೆ. ನಿಮ್ಮ ವಿಭಾಗದ್ದೇ ಒಂದು ಉದಾಹರಣೆ. ನೈಲಾನ್ ಹರಳುಗಳನ್ನು ಇಷ್ಟು ಡಿಗ್ರಿಯಲ್ಲಿ ಇಷ್ಟು ಗಂಟೆ ಒಣಗಿಸಿ ಎಂದು ಎಸ್‌ಒಪಿ ಹೇಳುತ್ತದೆ. ಪಳಗಿದ ಆಪರೇಟರ್ ಅಷ್ಟನ್ನೇ ನಂಬುವುದಿಲ್ಲ. ಅಚ್ಚಿಗೆ ಬಿಡುವ ಮೊದಲು ಒಂದು ಶಾಟ್ (ಯಂತ್ರ ಒಂದು ಸಲಕ್ಕೆ ತಳ್ಳುವಷ್ಟು ಪ್ಲಾಸ್ಟಿಕ್) ಹೊರಗೆ ಬಿಟ್ಟು ನೋಡುತ್ತಾರೆ. ಕರಗಿದ ಪ್ಲಾಸ್ಟಿಕ್‌ನಲ್ಲಿ ನೊರೆ, ಗುಳ್ಳೆ ಕಂಡರೆ ಅಥವಾ ನಾಝಲ್‌ನಿಂದ ಅದು ತಾನಾಗಿ ತೊಟ್ಟಿಕ್ಕುತ್ತಿದ್ದರೆ ತೇವ ಉಳಿದಿದೆ ಎಂದರ್ಥ. ಹಾಳೆಯಲ್ಲಿ ಇದು ಹೀಗೆ ಬರುತ್ತದೆ. ಮೊದಲ ಕಾಲಂ: ಹೊರಗೆ ಒಂದು ಶಾಟ್ ಬಿಡು. ಎರಡನೆಯದು: ನೊರೆ ನೋಡು, ನಾಝಲ್ ತೊಟ್ಟಿಕ್ಕುವುದನ್ನು ನೋಡು. ಮೂರನೆಯದು: ತೇವವಿದ್ದರೆ ಬಿಡಿಭಾಗದ ಮೇಲೆ ಬೆಳ್ಳಿ ಗೆರೆ ಬೀಳುತ್ತದೆ, ಭಾಗ ಪೆಡಸಾಗುತ್ತದೆ. ಹಾಗೆಂದು ಬಿಸಿಗಾಳಿಯಲ್ಲಿ ಮಿತಿಮೀರಿ ಒಣಗಿಸಿದರೆ ಹರಳು ಹಳದಿಯಾಗುತ್ತದೆ. ಈ ಮೂರನೇ ಕಾಲಂ ಖಾಲಿ ಬಿಟ್ಟರೆ ಹಾಳೆ ಕೆಲಸಕ್ಕೆ ಬಾರದು. 'ಯಾಕೆ' ಗೊತ್ತಿಲ್ಲದವರು ಗಡಿಬಿಡಿಯ ದಿನ ಆ ಹಂತವನ್ನೇ ಹಾರಿಸುತ್ತಾರೆ.

ಕೇಳುವ ಪ್ರಶ್ನೆಗಳೂ ಬದಲಾಗಲಿ. "ಇದನ್ನು ಹೇಗೆ ಮಾಡುತ್ತೀರಿ?" ಎಂದರೆ ಎಸ್‌ಒಪಿಯೇ ಮರಳಿ ಬರುತ್ತದೆ. ನಡೆದುಹೋದ ಒಂದು ನಿರ್ದಿಷ್ಟ ಘಟನೆ ಹಿಡಿದು ಕೇಳಿ: ಹೋದ ಸಲ ಭಾಗಗಳು ಅರ್ಧಂಬರ್ಧ ತುಂಬಿ ಬಂದಾಗ ಮೊದಲು ಏನು ನೋಡಿದಿರಿ? ಏನನ್ನು ಮುಟ್ಟಬಾರದು ಅಂದುಕೊಂಡಿರಿ? ಹೊಸಬರಾಗಿದ್ದರೆ ಅಲ್ಲಿ ಏನು ಮಾಡುತ್ತಿದ್ದರು? ಎಸ್‌ಒಪಿಯನ್ನು ಯಾವಾಗ ಬದಿಗಿಡುತ್ತೀರಿ? ಈ ಕೊನೆಯ ಪ್ರಶ್ನೆಗೆ ನಿಜವಾದ ಉತ್ತರ ಬೇಕಿದ್ದರೆ, ಅದಕ್ಕಾಗಿ ಮೆಮೊ ಬರುವುದಿಲ್ಲ ಎಂಬ ಭರವಸೆ ಮೊದಲು ಕೊಡಿ. ಕೊಟ್ಟ ಮಾತು ಉಳಿಸಿಕೊಳ್ಳಿ.

ಹನ್ನೊಂದನೇ ವಾರದಿಂದ ಹದಿನಾಲ್ಕರವರೆಗೆ ಕೆಲಸ ಕಿರಿಯರದು. ಹಿರಿಯರು ಪಕ್ಕದಲ್ಲಿ ಕೈಕಟ್ಟಿ ನಿಲ್ಲಲಿ. ಕಿರಿಯರು ಮಾಡುತ್ತಾ ಮಾಡುತ್ತಾ ಯಾಕೆ ಹೀಗೆ ಮಾಡುತ್ತಿದ್ದೇನೆ ಎಂದು ಬಾಯಲ್ಲಿ ಹೇಳಬೇಕು, ಒಂದು ಕೆಲಸಕ್ಕೆ ಕನಿಷ್ಠ ಮೂರು ಸಲ. ಹೆಚ್ಚಾಗಿ ಎಡವುವುದು ಇಲ್ಲೇ. ಉತ್ಪಾದನೆ ಹಿಂದೆ ಬಿತ್ತು ಎಂದು ಹಿರಿಯರೇ ಮುಂದೆ ಬಂದು ಮಾಡಿಬಿಡುತ್ತಾರೆ, ಮೇಲ್ವಿಚಾರಕರೂ ಸುಮ್ಮನಿರುತ್ತಾರೆ. ಆ ವಾರಗಳ ಟಾರ್ಗೆಟ್ ಅನ್ನು ಮೊದಲೇ ಇಳಿಸಿಡಿ. ಕೊನೆಯ ಎರಡು ವಾರ ಹಿರಿಯರನ್ನು ಬೇರೆ ಕೆಲಸಕ್ಕೆ ಹಾಕಿ, ಫೋನಿನಲ್ಲಿ ಮಾತ್ರ ಸಿಗುವಂತೆ ಮಾಡಿ. ಆಗ ಬರುವ ಪ್ರತಿ ಕರೆಯೂ ನಿಮ್ಮ ಹಾಳೆಯಲ್ಲಿ ಬಿಟ್ಟುಹೋದ ಒಂದು ಸಾಲು.

ವಿಡಿಯೊ ಮಾಡುವುದಾದರೆ ಮುಖ ಬೇಡ, ಕೈ ಕಾಣಲಿ. ಒಂದಕ್ಕೆ ಮೂರರಿಂದ ಐದು ನಿಮಿಷ. ಒಂದೂವರೆ ಗಂಟೆಯ ವಿಡಿಯೊವನ್ನು ಯಂತ್ರ ನಿಂತಿರುವಾಗ ಯಾರೂ ತೆರೆದು ಕೂರುವುದಿಲ್ಲ.

ಪ್ರಶ್ನೆ: ಪ್ರತಿ ಲೇಖನಕ್ಕೆ ಅಂಕ, ತಿಂಗಳಿಗೊಮ್ಮೆ ಗಿಫ್ಟ್ ಕಾರ್ಡ್ ಎಂದು ಘೋಷಿಸಿದ ಮೇಲೆ ಸಿಬ್ಬಂದಿ ತಮಗೆ ತಿಳಿದದ್ದನ್ನು ಬರೆದಿಡುವ ನಮ್ಮ ಆನ್‌ಲೈನ್ ಜ್ಞಾನಕೋಶಕ್ಕೆ ಲೇಖನಗಳು ಹೊಳೆಯಂತೆ ಹರಿದುಬಂದವು. ಈಗ ನೋಡಿದರೆ ಅದನ್ನು ಓದುವವರೇ ಇಲ್ಲ. ಬಹುಮಾನ ಹೆಚ್ಚಿಸಬೇಕೇ? — ಮಾನವ ಸಂಪನ್ಮೂಲ ವಿಭಾಗ

ಉತ್ತರ: ಬೇಡ. ನೀವು ಎಣಿಸಿದ್ದು ಲೇಖನಗಳನ್ನು, ನಿಮಗೆ ಸಿಕ್ಕಿದ್ದೂ ಅವೇ. ಬೇಕಾದದ್ದೊಂದು, ಬಹುಮಾನ ಕೊಡುವುದು ಇನ್ನೊಂದಕ್ಕೆ ಎಂಬ ಈ ಯಡವಟ್ಟಿನ ಬಗ್ಗೆ ಆಡಳಿತ ನಿರ್ವಹಣಾ ತಜ್ಞ ಸ್ಟೀವನ್ ಕೆರ್ 1975ರಲ್ಲೇ ಬರೆದಿದ್ದರು. ಸಂಸ್ಥೆಗಳು ಇನ್ನೂ ಅದನ್ನೇ ಮಾಡುತ್ತಿವೆ.

ಹಣದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕೊರಿಯಾದ 27 ಸಂಸ್ಥೆಗಳ 154 ವ್ಯವಸ್ಥಾಪಕರನ್ನು ಕೇಳಿ ಮಾಡಿದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಹುಮಾನ ನಿರೀಕ್ಷಿಸಿದವರಲ್ಲಿ ಹಂಚಿಕೊಳ್ಳುವ ಬಗೆಗಿನ ಒಲವು ಹೆಚ್ಚುವ ಬದಲು ಕುಗ್ಗಿತ್ತು. ಒಲವು ಹೆಚ್ಚಿಸಿದ್ದು ಸಹೋದ್ಯೋಗಿಗಳ ನಡುವಿನ ಕೊಡು-ಕೊಳ್ಳುವ ಬಾಂಧವ್ಯ. ನೆರೆಯವರಿಗೆ ಹಿಟ್ಟು ಕೊಟ್ಟಾಗ ಅವರು ಕೈಗೆ ಚಿಲ್ಲರೆ ತುರುಕಿದರೆ ಆಗುವ ಇರಿಸುಮುರಿಸು ಕಚೇರಿಯಲ್ಲೂ ಆಗುತ್ತದೆ.

ಜೆರಾಕ್ಸ್ ಕಂಪನಿ ಬೇರೆ ದಾರಿ ಹಿಡಿದಿತ್ತು. ಅದರ ಯಂತ್ರ ರಿಪೇರಿ ತಂತ್ರಜ್ಞರು ಕೈಪಿಡಿಗಿಂತ ಹೆಚ್ಚಾಗಿ ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತಿನಿಂದ ಸಮಸ್ಯೆ ಬಿಡಿಸುತ್ತಾರೆ ಎಂಬುದನ್ನು ಮಾನವಶಾಸ್ತ್ರಜ್ಞ ಜೂಲಿಯನ್ ಓರ್ ಗುರುತಿಸಿದ್ದರು. 1990ರ ದಶಕದಲ್ಲಿ ಬಂದ 'ಯುರೇಕಾ' ವ್ಯವಸ್ಥೆಯಲ್ಲಿ ತಂತ್ರಜ್ಞರೇ ಸಲಹೆ ಬರೆಯುತ್ತಿದ್ದರು, ಅದನ್ನು ಇತರ ಅನುಭವಿ ತಂತ್ರಜ್ಞರು ಪರಿಶೀಲಿಸುತ್ತಿದ್ದರು, ಸಲಹೆಯ ಜೊತೆ ಬರೆದವರ ಹೆಸರು ಉಳಿಯುತ್ತಿತ್ತು. ಸರಿಕರ ನಡುವೆ ಸಿಗುವ ಆ ಹೆಸರೇ ಅಲ್ಲಿ ದೊಡ್ಡ ಬಹುಮಾನ.

ನೀವು ಮಾಡಬಹುದಾದದ್ದು: ಅಂಕ ಕೊಡುವುದನ್ನು ಈ ತಿಂಗಳಿಗೇ ನಿಲ್ಲಿಸಿ, ಕಾರಣವನ್ನೂ ಬಿಚ್ಚಿ ಹೇಳಿ. ಆರು ತಿಂಗಳಿಂದ ಯಾರೂ ತೆರೆಯದ ಪುಟಗಳನ್ನು ಹುಡುಕಾಟದಿಂದ ತೆಗೆದು ಬೇರೆ ಕಡೆ ಇಡಿ, ಅಳಿಸಬೇಕಿಲ್ಲ. ಅಪರೂಪದ ಆದರೆ ದೊಡ್ಡ ಅವಘಡಕ್ಕೆ ಸಂಬಂಧಿಸಿದವನ್ನು ಮಾತ್ರ ಮುಟ್ಟಬೇಡಿ, ಅವನ್ನು ತೆರೆಯದಿರುವುದೇ ಒಳ್ಳೆಯ ಸುದ್ದಿ. ಪ್ರತಿ ಪುಟಕ್ಕೆ ಒಬ್ಬ ಹೊಣೆಗಾರ, ಒಂದು ಮರುಪರಿಶೀಲನೆಯ ದಿನಾಂಕ ಇರಲಿ. ಪುಟದ ಕೊನೆಗೆ "ಇದರಿಂದ ಕೆಲಸವಾಯಿತೇ?" ಎಂಬ ಒಂದೇ ಪ್ರಶ್ನೆ. 'ಇಲ್ಲ' ಎಂದವರು ಯಾಕೆ ಎಂದು ಬರೆಯಲು ಒಂದು ಸಾಲಿನ ಜಾಗ. ಕೆಲಸವಾಯಿತು ಎಂದಾಗ ಆ ಸುದ್ದಿ ಬರೆದವರಿಗೆ ಮುಟ್ಟಲಿ, ಅವರ ಮ್ಯಾನೇಜರ್‌ಗೂ ಮುಟ್ಟಲಿ. "ನಿಮ್ಮ ಟಿಪ್ಪಣಿ ನೋಡಿ ನಿನ್ನೆ ರಾತ್ರಿ ಶಿಫ್ಟ್‌ನವರು ಸರ್ವರ್ ಎಬ್ಬಿಸಿದರು" ಎಂಬ ಒಂದು ಮಾತು ಗಿಫ್ಟ್ ಕಾರ್ಡ್‌ಗಿಂತ ಹೆಚ್ಚು ದಿನ ಉಳಿಯುತ್ತದೆ.

ಹಾಗಾದರೆ ಹಣವೇ ಬೇಡವೇ? ಇನ್ನೊಬ್ಬರಿಗೆ ಕಲಿಸುವುದು ಒಬ್ಬರ ಕೆಲಸದ ದೊಡ್ಡ ಪಾಲಾಗಿಬಿಟ್ಟಿದ್ದರೆ ಅದನ್ನು ಸಂಬಳದಲ್ಲಿ, ಹುದ್ದೆಯಲ್ಲಿ ಕೊಡಿ. ಒಂದೊಂದು ಲೇಖನಕ್ಕೆ ಕೂಲಿ ಲೆಕ್ಕ ಬೇಡ.

ಪ್ರಶ್ನೆ: ನಾನು ಕಷ್ಟಪಟ್ಟು ಕಲಿತದ್ದನ್ನು ಹೊಸಬರಿಗೆ ಹೇಳಿಕೊಟ್ಟರೆ ನನ್ನ ಬೆಲೆಯೇ ಕಡಿಮೆಯಾಗುವುದಿಲ್ಲವೇ? ನಮ್ಮಲ್ಲಿ ಅಪ್ರೈಸಲ್ ಎಂದರೆ ತಂಡದವರನ್ನು ಒಂದು, ಎರಡು, ಮೂರು ಎಂದು ಸಾಲು ಹಚ್ಚುವುದು. 'ಹಂಚಿಕೊಳ್ಳಿ' ಎಂದು ಉಪದೇಶ ಮಾಡಬೇಡಿ, ನಿಜ ಹೇಳಿ. — ಹೆಸರು ಬೇಡ

ಉತ್ತರ: ನಿಮ್ಮ ಲೆಕ್ಕ ತಪ್ಪಿಲ್ಲ. ಪಕ್ಕದವರು ಮೇಲೆ ಹೋದರೆ ತಾನು ಕೆಳಗೆ ಬರುವ ವ್ಯವಸ್ಥೆಯಲ್ಲಿ ಸುಮ್ಮನಿರುವುದೇ ಬುದ್ಧಿವಂತಿಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಇಂಥ ಸಾಲು ಹಚ್ಚುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು, ತಂಡವಾಗಿ ಕೆಲಸ ಮಾಡುವುದಕ್ಕೆ ಒತ್ತು ಕೊಡುವ ಸಲುವಾಗಿ. ನಿಮ್ಮ ಮ್ಯಾನೇಜರ್ ಈ ಅಂಕಣ ಓದುತ್ತಿದ್ದರೆ ಅವರಿಗೆ ಹೇಳುವುದಿಷ್ಟು: ಈ ಪದ್ಧತಿ ಇಟ್ಟುಕೊಂಡು ಹಂಚಿಕೆಯ ಬಗ್ಗೆ ಭಾಷಣ ಮಾಡಿದರೆ ಸಿಬ್ಬಂದಿ ನಂಬುವುದು ಪದ್ಧತಿಯನ್ನೇ.

ಆದರೆ ಮುಚ್ಚಿಡುವುದಕ್ಕೂ ಬೆಲೆ ಇದೆ. ಸಂಶೋಧಕಿ ಕ್ಯಾಥರೀನ್ ಕಾನೆಲ್ಲಿ ಮತ್ತು ಸಂಗಡಿಗರು 2012ರಲ್ಲಿ ಮುಚ್ಚಿಡುವುದರಲ್ಲಿ ಮೂರು ಬಗೆ ಗುರುತಿಸಿದರು: ಗೊತ್ತೇ ಇಲ್ಲ ಎಂದು ನಟಿಸುವುದು, ಆಮೇಲೆ ಹೇಳುತ್ತೇನೆ ಎಂದು ಅಥವಾ ಅರೆಬರೆ ಹೇಳಿ ಜಾರಿಕೊಳ್ಳುವುದು, ಮತ್ತು ಹೇಳಲಾಗದ ಕಾರಣವನ್ನು ನೇರವಾಗಿ ಹೇಳುವುದು. ಮೊದಲೆರಡು ಸಿಕ್ಕಿಬಿದ್ದಾಗ ನಂಬಿಕೆ ಹೋಗುತ್ತದೆ, ಮುಂದೆ ನಿಮಗೆ ಬೇಕಾದಾಗ ಅವರೂ ಬಾಯಿ ಬಿಡುವುದಿಲ್ಲ. ಮೂರನೆಯದರಲ್ಲಿ ಆ ಅಪಾಯ ಕಡಿಮೆ. "ಈ ವಾರ ಬಿಡುವಿಲ್ಲ, ಬುಧವಾರ ಅರ್ಧ ಗಂಟೆ ಕೊಡುತ್ತೇನೆ" ಎಂದು ನೇರವಾಗಿ ಹೇಳಿ, ಬುಧವಾರ ಕೊಡಿ.

ಇನ್ನೊಂದು ವಿಷಯ. ನಿಮ್ಮನ್ನು ಬಿಟ್ಟರೆ ಬೇರೆ ಯಾರಿಗೂ ಬಾರದ ಕೆಲಸ ನಿಮ್ಮ ಕೊರಳಿಗೇ ಬೀಳುತ್ತದೆ. ರಜೆಯಲ್ಲೂ ಫೋನ್ ಬರುತ್ತದೆ. ಬಡ್ತಿಯ ಹೊತ್ತಿಗೆ "ಅವರನ್ನು ಅಲ್ಲಿಂದ ತೆಗೆದರೆ ಆ ಕೆಲಸ ಯಾರು ಮಾಡುವುದು" ಎಂಬ ಮಾತು ಹುಟ್ಟುತ್ತದೆ. ಹಾಗಾಗಿ ದಿನನಿತ್ಯ ಮರುಕಳಿಸುವ ಕೆಲಸವನ್ನು ಮೊದಲು ದಾಟಿಸಿ. ಹೊಸ, ಕಠಿಣ ಕೆಲಸಕ್ಕೆ ಕೈ ಖಾಲಿಯಾಗುತ್ತದೆ. ಕಲಿಸುವ ಮೊದಲು ಮ್ಯಾನೇಜರ್‌ಗೆ ಒಂದು ಇಮೇಲ್ ಹಾಕಿ: ಯಾರಿಗೆ, ಯಾವ ಕೆಲಸ, ಎಷ್ಟು ಗಂಟೆ, ಆ ಗಂಟೆಗಳಿಗೆ ನನ್ನ ಯಾವ ಕೆಲಸ ಮುಂದಕ್ಕೆ ಹೋಗುತ್ತದೆ. ಮುಗಿದ ಮೇಲೆ ಇನ್ನೊಂದು: ಈಗ ಅವರು ಯಾವುದನ್ನು ಒಬ್ಬರೇ ಮಾಡುತ್ತಿದ್ದಾರೆ. ಅಪ್ರೈಸಲ್ ದಿನ ಇವೆರಡೂ ನಿಮ್ಮ ಕೈಯಲ್ಲಿರಲಿ. ಇಷ್ಟಾದ ಮೇಲೂ ಕಲಿಸಿದ್ದಕ್ಕೆ ಲೆಕ್ಕವೇ ಇಲ್ಲ ಎಂದಾದರೆ, ಎಷ್ಟು ಕಲಿಸಬೇಕು ಎಂಬ ತೀರ್ಮಾನ ನಿಮ್ಮದು. ಅದಕ್ಕಾಗಿ ನಿಮ್ಮನ್ನು ಸ್ವಾರ್ಥಿ ಎನ್ನಲು ನಾವು ಸಿದ್ಧರಿಲ್ಲ. ಸುರಕ್ಷತೆಯ ವಿಷಯ ಮಾತ್ರ ಇದಕ್ಕೆ ಹೊರತು: ಇನ್ನೊಬ್ಬರ ಕೈ ಕಾಲಿಗೆ ಕುತ್ತು ತರುವಂಥದ್ದು ಗೊತ್ತಿದ್ದರೆ ಅಂದೇ ಹೇಳಬೇಕು.

ಪ್ರಶ್ನೆ: ಪ್ರತಿ ಶುಕ್ರವಾರ 'ಕಲಿಕೆ ಹಂಚಿಕೆ' ಸಭೆ ಇಟ್ಟಿದ್ದೇನೆ. "ಯಾರಿಗಾದರೂ ಏನಾದರೂ ಹೇಳುವುದಿದೆಯೇ?" ಎಂದರೆ ಎಲ್ಲರೂ ಮೊಬೈಲ್ ನೋಡುತ್ತಾರೆ. — ಟೀಮ್ ಲೀಡ್

ಉತ್ತರ: ವಾರವನ್ನು ಬಿಡಿ, ಕೆಲಸವನ್ನು ಹಿಡಿಯಿರಿ. ಒಂದು ಡೆಲಿವರಿ, ಒಂದು ರಿಪೇರಿ, ಒಂದು ಟೆಂಡರ್ ಮುಗಿದ ಮರುದಿನದೊಳಗೆ ಅದರಲ್ಲಿದ್ದವರಷ್ಟೇ ಅರ್ಧ ಗಂಟೆ ಕೂರಲಿ. ಅಮೆರಿಕದ ಸೇನೆ 1970ರ ದಶಕದಿಂದ ಬೆಳೆಸಿಕೊಂಡು ಬಂದ ನಾಲ್ಕು ಪ್ರಶ್ನೆಗಳು ಸಾಕು. ಏನಾಗಬೇಕಿತ್ತು? ಏನಾಯಿತು? ಯಾಕೆ ವ್ಯತ್ಯಾಸವಾಯಿತು? ಮುಂದಿನ ಸಲ ಏನು ಉಳಿಸಿಕೊಳ್ಳೋಣ, ಏನು ಬದಲಿಸೋಣ? ಮೊದಲೆರಡಕ್ಕೆ ಹತ್ತು ನಿಮಿಷ, ಉಳಿದದ್ದೆಲ್ಲ ಕೊನೆಯೆರಡಕ್ಕೆ. ಸಾಮಾನ್ಯವಾಗಿ ಇದು ತಿರುಗಾಮುರುಗಾ ಆಗಿ, 'ಏನಾಯಿತು' ಎಂಬ ಕಥೆಯಲ್ಲೇ ಸಮಯ ಕಳೆದುಹೋಗುತ್ತದೆ.

ನೀವು ಕೊನೆಗೆ ಮಾತಾಡಿ. ಲೀಡ್ ಮೊದಲು ಬಾಯಿ ತೆರೆದರೆ ಉಳಿದವರ ಕೆಲಸ ತಲೆಯಾಡಿಸುವುದಷ್ಟೇ. ಎಲ್ಲರಿಗಿಂತ ಕಿರಿಯರಿಂದ ಶುರುವಾಗಲಿ. "ಯಾರ ತಪ್ಪು" ಎಂಬ ಮಾತು ಬಂದ ಕೂಡಲೇ "ಆ ಹೊತ್ತಿಗೆ ಅವರಿಗೆ ಯಾವ ಮಾಹಿತಿ ಸಿಕ್ಕಿರಲಿಲ್ಲ" ಎಂದು ತಿರುಗಿಸಿ. ಒಂದು ತಯಾರಿಕಾ ಕಂಪನಿಯ 51 ತಂಡಗಳನ್ನು ಅಭ್ಯಾಸ ಮಾಡಿ ಸಂಶೋಧಕಿ ಆಮಿ ಎಡ್ಮಂಡ್ಸನ್ 1999ರಲ್ಲಿ ಪ್ರಕಟಿಸಿದ್ದೂ ಇದನ್ನೇ: ತಪ್ಪು ಹೇಳಿಕೊಂಡರೆ ಮುಜುಗರವಾಗುವುದಿಲ್ಲ ಎಂಬ ಧೈರ್ಯವಿದ್ದ ತಂಡಗಳಲ್ಲಿ ಕಲಿಕೆ ಹೆಚ್ಚು. ಈ ಸಭೆಯಲ್ಲಿ ಆಡಿದ ಒಂದು ಮಾತು ಒಂದೇ ಒಂದು ಸಲ ಯಾರದಾದರೂ ಅಪ್ರೈಸಲ್‌ನಲ್ಲಿ ಅವರ ವಿರುದ್ಧ ಬಂದರೆ ಸಭೆ ಅಲ್ಲಿಗೆ ಮುಗಿಯಿತು. ಕುರ್ಚಿಗಳು ತುಂಬಿರುತ್ತವೆ, ಅಷ್ಟೇ.

ಕೊನೆಗೆ ಎರಡು ಬದಲಾವಣೆ ಮಾತ್ರ ಬರೆದುಕೊಳ್ಳಿ, ಹೆಸರು ಮತ್ತು ತಾರೀಕಿನ ಸಮೇತ. ಹತ್ತು ಬರೆದರೆ ಒಂದೂ ಆಗುವುದಿಲ್ಲ. ಮುಂದಿನ ಸಭೆ ಆ ಎರಡರ ಲೆಕ್ಕದಿಂದಲೇ ಶುರುವಾಗಲಿ.

ಪ್ರಶ್ನೆ: ಹಿರಿಯರು ಹೇಳಿಕೊಡಲು ತಯಾರಿದ್ದಾರೆ. ಕೇಳುವವರೇ ಇಲ್ಲ. ಹೊಸಬರು ಗಂಟೆಗಟ್ಟಲೆ ಒಬ್ಬರೇ ತಿಣುಕಾಡುತ್ತಾರೆ, ಇಲ್ಲವೇ ಎರಡು ನಿಮಿಷಕ್ಕೊಮ್ಮೆ ಎದ್ದುಬಂದು ತಲೆ ತಿನ್ನುತ್ತಾರೆ. — ಸಾಫ್ಟ್‌ವೇರ್ ವಿಭಾಗ

ಉತ್ತರ: ಹಂಚಿಕೆ ನಿಂತರೆ ಕೊಡುವವರನ್ನೇ ದೂರುವುದು ರೂಢಿ. ಎಂಟು ಕಂಪನಿಗಳಲ್ಲಿ ಒಂದು ವಿಭಾಗದ ಒಳ್ಳೆಯ ಪದ್ಧತಿ ಇನ್ನೊಂದಕ್ಕೆ ಹೋಗುವಾಗ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಸಂಶೋಧಕ ಗೇಬ್ರಿಯಲ್ ಶುಲಾನ್ಸ್ಕಿ ಹುಡುಕಿದರು. 1996ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 122 ವರ್ಗಾವಣೆಗಳಿದ್ದವು. ಮುಖ್ಯ ಅಡ್ಡಿಗಳಾಗಿ ಕಂಡದ್ದು ಮನಸ್ಸಿಲ್ಲದಿರುವುದಲ್ಲ: ತೆಗೆದುಕೊಳ್ಳುವವರಿಗೆ ಅದನ್ನು ಅರಗಿಸಿಕೊಳ್ಳುವಷ್ಟು ಹಿನ್ನೆಲೆ ಇಲ್ಲದಿರುವುದು, ಆ ಪದ್ಧತಿ ಯಾಕೆ ಫಲಿಸುತ್ತದೆಂದು ಯಾರಿಗೂ ಸ್ಪಷ್ಟವಿಲ್ಲದಿರುವುದು, ಇಬ್ಬರ ನಡುವೆ ಹೊಂದಾಣಿಕೆ ಇಲ್ಲದಿರುವುದು.

ನಿಮ್ಮಲ್ಲಿ ಒಂದು ನಿಯಮ ಗೋಡೆಗೆ ಹಚ್ಚಿ: ಇಪ್ಪತ್ತು ನಿಮಿಷ ಸ್ವಂತ ಪ್ರಯತ್ನ, ಆಮೇಲೆ ಕೇಳಲೇಬೇಕು. ಮೊದಲೂ ಬೇಡ, ಒಂದು ಗಂಟೆಯ ಮೇಲೂ ಬೇಡ. ಕೇಳುವಾಗ ಮೂರು ಸಾಲು ಬರೆದು ತರಲಿ: ಏನು ಮಾಡಲು ಹೊರಟೆ, ಏನೇನು ಮಾಡಿ ನೋಡಿದೆ, ಎಲ್ಲಿ ನಿಂತೆ. ಮೂರನೇ ಸಾಲು ಬರೆಯುವಷ್ಟರಲ್ಲಿ ಕೆಲವರಿಗೆ ಉತ್ತರ ತಾನಾಗಿ ಹೊಳೆಯುತ್ತದೆ. ಹಿರಿಯರಿಗೂ ದಿನಕ್ಕೆ ಎರಡು ನಿಗದಿತ ಹೊತ್ತು ಇರಲಿ, ಅರ್ಧರ್ಧ ಗಂಟೆ. ಆ ಹೊತ್ತಿನಲ್ಲಿ ಅವರಿಗೆ ಬೇರೆ ಸಭೆ ಹಾಕಬಾರದು.

ಸಿಕ್ಕ ಉತ್ತರವನ್ನು ಬರೆದಿಡುವ ಹೊಣೆ ಕೇಳಿದವರದು, ಹೇಳಿದವರದಲ್ಲ. ಅನುಭವಿಗಳು ನಡುವಿನ ಎರಡು ಹೆಜ್ಜೆ ಗೊತ್ತಾಗದೇ ಹಾರಿಸುತ್ತಾರೆ, ಈಗಷ್ಟೇ ಎಡವಿದವರು ಹಾರಿಸುವುದಿಲ್ಲ. ಕೆಲಸಕ್ಕೆ ಸೇರಿದವರಿಗೆ ಕೊಡುವ ಕೈಪಿಡಿಯನ್ನು ತಿದ್ದುವ ಕೆಲಸವನ್ನೂ ಹೊಸದಾಗಿ ಬಂದವರಿಗೇ, ಮೊದಲ ವಾರದಲ್ಲೇ ಕೊಡಿ.

ಪ್ರಶ್ನೆ: ಇದಕ್ಕೆಲ್ಲ ಯಾವ ಸಾಫ್ಟ್‌ವೇರ್ ಕೊಳ್ಳಬೇಕು? ಈಗ ಎಲ್ಲವೂ ವಾಟ್ಸ್‌ಆ್ಯಪ್ ಗುಂಪಿನಲ್ಲೇ ನಡೆಯುತ್ತಿದೆ. — ಸಣ್ಣ ಸಂಸ್ಥೆಯ ಮಾಲೀಕ

ಉತ್ತರ: ಸದ್ಯಕ್ಕೆ ಯಾವುದೂ ಬೇಡ. ಪ್ರಶ್ನೆ ಕೇಳಲು ಆ ಗುಂಪೇ ಸರಿ, ಎಲ್ಲರ ಕೈಯಲ್ಲಿದೆ. ಉತ್ತರ ಇಡಲು ಅದು ಜಾಗವಲ್ಲ. ಮೂರು ವಾರಕ್ಕೆ ಶುಭಾಶಯಗಳ ಕೆಳಗೆ ಹೂತುಹೋಗುತ್ತದೆ, ಕೆಲಸ ಬಿಟ್ಟವರ ಫೋನಿನಲ್ಲೂ ಉಳಿದುಕೊಳ್ಳುತ್ತದೆ. ಗ್ರಾಹಕರ ಮಾಹಿತಿ, ಪಾಸ್‌ವರ್ಡ್ ಅಲ್ಲಿ ಹಾಕುವುದನ್ನು ಇಂದೇ ನಿಲ್ಲಿಸಿ. ಈಗಿರುವ ಹಂಚಿಕೆಯ ಫೋಲ್ಡರ್‌ನಲ್ಲಿ ಒಂದೇ ಒಂದು ಕಡತ ತೆರೆಯಿರಿ. ಗುಂಪಿನಲ್ಲಿ ಎರಡನೇ ಸಲ ಬಂದ ಪ್ರಶ್ನೆಗಳು ಮಾತ್ರ ಅದಕ್ಕೆ ಹೋಗಲಿ, ಸಿಬ್ಬಂದಿ ಆಡುವ ಮಾತಿನಲ್ಲೇ. ಅವರು 'ಬಿಲ್ ಆಗ್ತಿಲ್ಲ' ಎಂದು ಹುಡುಕುತ್ತಾರೆ, 'ಸರಕುಪಟ್ಟಿ ಸೃಜನಾ ದೋಷ' ಎಂದಲ್ಲ. ಮೂರು ತಿಂಗಳ ಮೇಲೂ ಜನ ಆ ಕಡತ ತೆರೆಯುತ್ತಿದ್ದು, ಅದು ತೀರಾ ಉದ್ದವಾಗಿ ಹುಡುಕುವುದೇ ಕಷ್ಟ ಎಂಬ ದೂರು ಬಂದರೆ ಆಗ ಸಾಫ್ಟ್‌ವೇರ್ ನೋಡಿ. ಯಾರೂ ತೆರೆಯದಿದ್ದರೆ ನಿಮ್ಮ ದುಡ್ಡು ಉಳಿಯಿತು.